ಎರಡು ಎಕರೆ ಹತ್ತು ಗುಂಟೆ

ಎರಡು ಸಾಲು ಸ್ಕ್ರಿಪ್ಟ್ ಬರೆದು, ಫೈಲ್ ಸೇವ್ ಮಾಡಿ, ಬ್ರೌಸರಿಗೆ ಬಂದು ಎಫ್5 ಒತ್ತಿದ ಮೇಲೆ ಪುಟ ಏನು ಮಾಡೀತೋ ಎಂದು ಕಾಯುವ ಆ ಅರೆಗಳಿಗೆ ನನಗೆ ತುಂಬ ಇಷ್ಟ. ಬರೆದದ್ದು ಸರಿಯಿದ್ದರೆ ಪುಟ ಹೇಳಿದ ಹಾಗೆ ಕೇಳುತ್ತದೆ. ಇಲ್ಲದಿದ್ದರೆ ಮಿಸುಕಾಡುವುದಿಲ್ಲ. ಮಿಸುಕಾಡದಿದ್ದರೂ ಬೇಸರವಿಲ್ಲ, ಎಲ್ಲಿ ಕೊಂಡಿ ತಪ್ಪಿದೆ ಎಂದು ಹುಡುಕುತ್ತಾ ಕೂರುವುದರಲ್ಲಿ ಅಷ್ಟೇ ಸುಖವಿದೆ. ಕಂಪ್ಯೂಟರ್ ನನ್ನ ಹೊಟ್ಟೆಪಾಡಲ್ಲ. ಕೆಲವರು ಸಂಜೆಯ ಹೊತ್ತು ಹಾರ್ಮೋನಿಯಂ ಮುಂದೆ ಕೂರುತ್ತಾರೆ, ನಾನು ನೋಟ್‌ಪ್ಯಾಡ್ ಮುಂದೆ ಕೂರುತ್ತೇನೆ.

ಈ ಹವ್ಯಾಸಕ್ಕೆ ಸಾಮಾನು ಕೊಳ್ಳಬೇಕಿಲ್ಲ. ನೋಟ್‌ಪ್ಯಾಡ್ ಕಂಪ್ಯೂಟರಿನ ಜೊತೆಗೇ ಬಂದಿರುತ್ತದೆ, ಬ್ರೌಸರ್ ಎಲ್ಲರ ಹತ್ತಿರವೂ ಇರುತ್ತದೆ. ಇಂಟರ್ನೆಟ್ ಕೂಡ ಬೇಡ. ಕರೆಂಟು ಹೋಗಿ ವೈಫೈ ನಿಂತರೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ. ನಾಲ್ಕಾರು ಎಚ್‌ಟಿಎಂಎಲ್ ಟ್ಯಾಗು ಗೊತ್ತಿದ್ದರೆ ಪುಟ ಸಿದ್ಧ: ತಲೆಬರಹಕ್ಕೊಂದು, ಪ್ಯಾರಾಕ್ಕೊಂದು, ತುಂಬುವ ಖಾನೆಗೊಂದು, ಒತ್ತುವ ಗುಂಡಿಗೊಂದು. ಆದರೆ ಆ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಪುಟದ ಕೊನೆಯಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿ, ಅದರೊಳಗೆ ಜಾವಾಸ್ಕ್ರಿಪ್ಟ್‌ನಲ್ಲಿ ‘ಈ ಗುಂಡಿ ಒತ್ತಿದಾಗ ಹೀಗೆ ಮಾಡು’ ಎಂದು ಬರೆದ ಮೇಲೆಯೇ ಪುಟ ನಮ್ಮ ಮಾತು ಕೇಳಲು ಶುರುಮಾಡುವುದು.

ಹೊಸಬರಿಗೆ ಸಾಮಾನ್ಯವಾಗಿ ಅಲರ್ಟ್ ಡಬ್ಬಿಯಿಂದ ಪಾಠ ಶುರುವಾಗುತ್ತದೆ. ಪುಟ ತೆರೆದರೆ ‘ನಮಸ್ಕಾರ’ ಎಂದು ಒಂದು ಪೆಟ್ಟಿಗೆ ಎದ್ದು ಬರುತ್ತದೆ, ‘ಓಕೆ’ ಒತ್ತಿದರೆ ಹೋಗುತ್ತದೆ. ಒಂದು ಸಲ ನೋಡಲು ಚೆನ್ನ, ಎರಡನೇ ಸಲಕ್ಕೆ ಕಿರಿಕಿರಿ. ಅದರ ಬದಲು ಇವತ್ತಿನ ವಾರ ಹೇಳುವ ಪುಟ ಬರೆಸುವುದು ನನಗೆ ಇಷ್ಟ. ಜಾವಾಸ್ಕ್ರಿಪ್ಟನ್ನು ಇವತ್ತು ಯಾವ ವಾರ ಎಂದು ಕೇಳಿದರೆ ಅದು ಹೆಸರು ಹೇಳುವುದಿಲ್ಲ, 0ಯಿಂದ 6ರವರೆಗಿನ ಒಂದು ಅಂಕಿ ಕೊಡುತ್ತದೆ. ಭಾನುವಾರಕ್ಕೆ 0, ಶನಿವಾರಕ್ಕೆ 6. ನಾವು ಭಾನುವಾರದಿಂದ ಶನಿವಾರದವರೆಗೆ ಏಳು ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಆ ಅಂಕಿಯ ಜಾಗದಲ್ಲಿರುವ ಹೆಸರನ್ನು ತೆಗೆದುಕೊಡು ಎಂದರೆ ಆಯಿತು. ಪಟ್ಟಿಯ ಎಣಿಕೆಯೂ ಸೊನ್ನೆಯಿಂದಲೇ ಶುರುವಾಗುವುದರಿಂದ ಎರಡೂ ತಾಳೆಯಾಗುತ್ತವೆ. ‘ಇವತ್ತು ಗುರುವಾರ’ ಎಂದು ಪುಟ ಕನ್ನಡದಲ್ಲಿ ಹೇಳುತ್ತದೆ; ಮಾರನೇ ದಿನ ಫೈಲನ್ನು ಮುಟ್ಟದೆ ತೆರೆದರೆ ‘ಇವತ್ತು ಶುಕ್ರವಾರ’ ಎನ್ನುತ್ತದೆ. ತಾನು ಬರೆದದ್ದು ತಾನಿಲ್ಲದಾಗಲೂ ಕೆಲಸ ಮಾಡುತ್ತದೆ ಎಂಬುದು ಕಲಿಯುವವರಿಗೆ ಹೊಳೆಯುವುದು ಆ ಮಾರನೇ ದಿನ.

ತಿಂಗಳ ವಿಷಯದಲ್ಲೂ ಇದೇ ಲೆಕ್ಕ: ಜನವರಿ 0, ಡಿಸೆಂಬರ್ 11. ತಾರೀಖು ಮಾತ್ರ 1ರಿಂದ. ಇದೇನು ಹೀಗೆ ಎಂದು ಕೇಳಿದರೆ 1995ಕ್ಕೆ ಹೋಗಬೇಕು. ಆ ವರ್ಷದ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಈ ಭಾಷೆಯ ಮೊದಲ ರೂಪವನ್ನು ಬರೆದು ಕೊಟ್ಟರು. ಮೊದಲು ಮೋಕಾ ಎಂದಿದ್ದ ಹೆಸರು ಲೈವ್‌ಸ್ಕ್ರಿಪ್ಟ್ ಆಗಿ, ಡಿಸೆಂಬರಿನ ಹೊತ್ತಿಗೆ ಜಾವಾಸ್ಕ್ರಿಪ್ಟ್ ಆಯಿತು. ಆಗ ಸನ್ ಮೈಕ್ರೋಸಿಸ್ಟಮ್ಸ್‌ನ ಜಾವಾ ಭಾಷೆಯ ಹೆಸರು ಎಲ್ಲೆಲ್ಲೂ ಕೇಳಿಬರುತ್ತಿತ್ತು. ತಾರೀಖು ಲೆಕ್ಕದ ಭಾಗವೂ ಜಾವಾದ ಮಾದರಿಯಲ್ಲೇ ಬಂತು, ಸೊನ್ನೆಯ ಜನವರಿ ಸಮೇತ. 1997ರ ಜೂನ್‌ನಲ್ಲಿ ಎಕ್ಮಾ ಸಂಸ್ಥೆ ಭಾಷೆಗೆ ಒಂದು ಮಾನಕ ಹೊರಡಿಸಿತು. ಅಷ್ಟರಲ್ಲಿ ಲೋಕದ ಎಷ್ಟೋ ಪುಟಗಳು ಈ ಸೊನ್ನೆಯನ್ನು ನಂಬಿ ಬರೆಯಲ್ಪಟ್ಟಿದ್ದವು. ಈಗ ತಿದ್ದಿದರೆ ಅವೆಲ್ಲ ಕೆಟ್ಟುಹೋಗುತ್ತವೆ. ಆದ್ದರಿಂದ ಯಾರೂ ಮುಟ್ಟುವುದಿಲ್ಲ. ಹಳೆಯ ಪುಟವನ್ನು ಮುರಿಯಬಾರದು ಎಂಬ ಈ ಹಠ ನನಗೆ ಮೆಚ್ಚುಗೆ. ಅಂದು ಸರಳವಾಗಿ ಬರೆದಿಟ್ಟ ಸ್ಕ್ರಿಪ್ಟು ಇಂದೂ ಓಡುತ್ತದೆ ಎಂದರೆ ಅದು ಸಣ್ಣ ಮಾತಲ್ಲ.

ನೆಟ್‌ಸ್ಕೇಪ್‌ನವರು ಈ ಭಾಷೆಯನ್ನು ಮಾಡಿಸಿದ್ದೂ ಪಳಗಿದ ಪ್ರೋಗ್ರಾಮರುಗಳಿಗೆಂದೇ ಅಲ್ಲ. ಪುಟ ಮಾಡುವ ಯಾರಾದರೂ, ಅಲ್ಲಿಯೇ ಪುಟದೊಳಗೇ, ನಾಲ್ಕು ಸಾಲು ಬರೆದುಕೊಳ್ಳುವಂತಿರಬೇಕು ಎಂಬುದು ಅವರ ಆಸೆ. ಇಂದು ಈ ಭಾಷೆಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ವ್ಯವಹಾರ ನಡೆಯುತ್ತಿದೆ. ಆದರೂ ನಾಲ್ಕು ಸಾಲಿನವರಿಗೆ ಇಟ್ಟ ಬಾಗಿಲು ಮುಚ್ಚಿಲ್ಲ.

ನಾನು ಬಹಳ ಪ್ರೀತಿಯಿಂದ ಮಾಡಿಸಿದ ಪುಟವೊಂದರ ಕತೆ ಹೇಳಬೇಕು. ಊರಿನಲ್ಲಿ ಅಪ್ಪನಿಗೆ ಜಮೀನಿನ ಲೆಕ್ಕ ಆಗಾಗ ಬೇಕಾಗುತ್ತದೆ. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆಗಳಲ್ಲಿರುತ್ತದೆ. ಜಮೀನು ವಿಚಾರಿಸಲು ಬರುವವರು ಕೇಳುವುದು ಚದರಡಿಯಲ್ಲಿ. ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರಡಿ. ಎರಡು ಎಕರೆ ಹತ್ತು ಗುಂಟೆಯನ್ನು ಜನ ರೂಢಿಯಲ್ಲಿ 2.10 ಎಂದು ಬರೆಯುತ್ತಾರೆ. ಮೊಬೈಲಿನ ಕ್ಯಾಲ್ಕ್ಯುಲೇಟರಿಗೆ ಈ ರೂಢಿ ತಿಳಿಯದು. 2.10ನ್ನು ಎಕರೆಯ 43,560 ಚದರಡಿಯಿಂದ ಗುಣಿಸಿ 91,476 ಎಂದು ಕೊಡುತ್ತದೆ. ಹತ್ತು ಗುಂಟೆ ಎಂದರೆ ಕಾಲು ಎಕರೆ. ಸರಿಯಾದ ಉತ್ತರ 98,010. ವ್ಯತ್ಯಾಸ 6,534 ಚದರಡಿ, ಅಂದರೆ ಸರಿಯಾಗಿ ಆರು ಗುಂಟೆ. ಆರು ಗುಂಟೆ ಜಾಗದಲ್ಲಿ ಮನೆ ಕಟ್ಟಿ, ಹಿತ್ತಲು ಮಾಡಿ, ಮುಂದೆ ಅಂಗಳವನ್ನೂ ಬಿಡಬಹುದು.

ಅಕ್ಕನ ಮಗಳು ರಜೆಗೆ ಬಂದಾಗ ಇದನ್ನು ಅವಳ ಕೈಗೆ ಕೊಟ್ಟೆ. ಎಚ್‌ಟಿಎಂಎಲ್ ಅವಳಿಗೆ ಶಾಲೆಯಲ್ಲಿ ಸ್ವಲ್ಪ ಆಗಿತ್ತು. ಎರಡು ಖಾನೆ, ಒಂದು ಗುಂಡಿ, ಉತ್ತರಕ್ಕೆ ಒಂದು ಖಾಲಿ ಪ್ಯಾರಾ ಬೇಗನೇ ಸಿದ್ಧವಾದವು. ಚರಾಕ್ಷರಗಳಿಗೆ ಹೆಸರಿಡುವಾಗ ಅವಳು ಎ, ಬಿ ಎಂದು ಬರೆಯಹೊರಟಳು. ಕನ್ನಡದಲ್ಲೇ ಇಡು ಎಂದೆ. “ಹಾಗೆ ಬರುತ್ತಾ ಮಾಮ?” ಎಂದು ಕಣ್ಣರಳಿಸಿದಳು. ಬರುತ್ತದೆ. ಭಾಷೆಯ ಆದೇಶಗಳು ಇಂಗ್ಲಿಷಿನವೇ, ಆದರೆ ನಾವು ಕೊಡುವ ಹೆಸರುಗಳು ಕನ್ನಡದಲ್ಲಿರಬಹುದು ಎಂದು ಮಾನಕವೇ ಒಪ್ಪುತ್ತದೆ. ಹಾಗಾಗಿ ಆ ಪುಟದ ಮುಖ್ಯವಾದ ಸಾಲನ್ನು ಅವಳು ಬರೆದದ್ದು ಹೀಗೆ:

ಒಟ್ಟು = ಎಕರೆ * 40 + ಗುಂಟೆ;

ನಕ್ಷತ್ರ ಗುಣಾಕಾರಕ್ಕೆ, ಕೊನೆಯ ಅರ್ಧವಿರಾಮ ಸಾಲು ಮುಗಿಯಿತೆಂದು ಹೇಳಲಿಕ್ಕೆ. ಇದು ಕನ್ನಡದ ವಾಕ್ಯವೂ ಹೌದು, ಯಂತ್ರ ನಡೆಸುವ ಸಾಲೂ ಹೌದು. ಅಪ್ಪ ಹಿಂದಿನಿಂದ ಬಂದು ಕನ್ನಡಕ ಸರಿಮಾಡಿಕೊಂಡು ಓದಿ, “ಇದು ನನಗೂ ಅರ್ಥವಾಗುತ್ತಲ್ಲ” ಎಂದರು. ಪ್ರೋಗ್ರಾಮಿನ ಸಾಲೊಂದನ್ನು ಅವರು ಓದಿದ್ದು ಅದೇ ಮೊದಲು.

ಅವಳು ಎಕರೆಯ ಖಾನೆಯಲ್ಲಿ 2, ಗುಂಟೆಯ ಖಾನೆಯಲ್ಲಿ 10 ತುಂಬಿ ಗುಂಡಿ ಒತ್ತಿದಳು. ಬರಬೇಕಾದದ್ದು 90 ಗುಂಟೆ. ಬಂದದ್ದು 8010.

“ಮಾಮ, ಎಂಟು ಸಾವಿರದ ಹತ್ತು ಗುಂಟೆ! ತಾತನ ಹತ್ರ ಇಷ್ಟೊಂದು ಜಮೀನಿದ್ಯಾ?”

8010 ಗುಂಟೆ ಎಂದರೆ ಇನ್ನೂರು ಎಕರೆ ಹತ್ತು ಗುಂಟೆ. ಜಾವಾಸ್ಕ್ರಿಪ್ಟ್ ಕಲಿಯುವ ಪ್ರತಿಯೊಬ್ಬರ ದಾರಿಯಲ್ಲೂ ಬರುವ ತಿರುವು ಇದು. ಇದನ್ನು ಅವಸರದಲ್ಲಿ ದಾಟಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖಾನೆಯಲ್ಲಿ ತುಂಬಿದ್ದೆಲ್ಲ ಸ್ಕ್ರಿಪ್ಟಿನ ಕಣ್ಣಿಗೆ ಬರಹ. 10 ಎಂದರೆ ಒಂದು ಮತ್ತು ಸೊನ್ನೆ ಎಂಬ ಎರಡು ಅಕ್ಷರ. ಬರಹವನ್ನು ಗುಣಿಸುವುದಕ್ಕಾಗುವುದಿಲ್ಲವಲ್ಲ, ಹಾಗಾಗಿ ನಕ್ಷತ್ರ ಕಂಡ ಕಡೆ ಅದು 2ನ್ನು ತಾನಾಗಿಯೇ ಸಂಖ್ಯೆ ಮಾಡಿಕೊಂಡು 80 ಎಂದಿತು. ಕೂಡುವ ಚಿಹ್ನೆಗೆ ಮಾತ್ರ ಎರಡು ಕೆಲಸ. ಎರಡೂ ಕಡೆ ಸಂಖ್ಯೆ ಇದ್ದರೆ ಕೂಡುತ್ತದೆ. ಒಂದು ಕಡೆ ಬರಹವಿದ್ದರೂ ಸಾಕು, ಎರಡನ್ನೂ ಒಂದರ ಪಕ್ಕ ಒಂದು ಅಂಟಿಸುತ್ತದೆ. 80ರ ಪಕ್ಕ 10 ಅಂಟಿ 8010 ಆಯಿತು. ಇದನ್ನೆಲ್ಲ ನಾನು ಮೊದಲೇ ಹೇಳಲಿಲ್ಲ. ಬೇರೆ ಬೇರೆ ಅಂಕಿ ಹಾಕಿ ನೋಡು ಎಂದೆ. 1 ಎಕರೆ 5 ಗುಂಟೆಗೆ 405 ಬಂತು, 3 ಎಕರೆ 20 ಗುಂಟೆಗೆ 12020 ಬಂತು. ಮೂರನೆಯದಕ್ಕೆ ಅವಳೇ “ಪಕ್ಕಪಕ್ಕ ಜೋಡಿಸ್ತಾ ಇದೆ!” ಎಂದು ಕೂಗಿದಳು. ಆ ಕೂಗನ್ನು ಕೇಳಲಿಕ್ಕೇ ನಾನು ಹೊಸಬರ ಪಕ್ಕ ಕೂರುತ್ತೇನೆ. ಮದ್ದು ಸರಳ: ಖಾನೆಯಿಂದ ತಂದ ಬರಹವನ್ನು ಮೊದಲು ‘ನಂಬರ್’ ಎಂಬ ಆವರಣದೊಳಗೆ ಹಾಕಿ ಸಂಖ್ಯೆ ಮಾಡಿಕೊಂಡು, ಆಮೇಲೆ ಕೂಡಬೇಕು. 90 ಬಂತು. 1,089ರಿಂದ ಗುಣಿಸಿದಾಗ 98,010 ಬಂತು.

ಅಲ್ಪವಿರಾಮದ ವಿಷಯ ಇಲ್ಲಿ ಹೇಳಲೇಬೇಕು. ಮೂರು ಎಕರೆ ಎಂದರೆ 130680 ಚದರಡಿ. ಹೀಗೆ ಒತ್ತೊತ್ತಾಗಿ ನಿಂತ ಅಂಕಿಯನ್ನು ಓದುವುದು ಕಷ್ಟ. ಬ್ರೌಸರಿನೊಳಗೇ ಇದಕ್ಕೊಂದು ಸೌಕರ್ಯವಿದೆ. ಭಾರತದ ಪದ್ಧತಿಯಲ್ಲಿ ಬರೆ ಎಂದು ಸೂಚಿಸಿದರೆ ಲಕ್ಷ, ಕೋಟಿಗಳ ಲೆಕ್ಕಕ್ಕೆ ಸರಿಯಾಗಿ 1,30,680 ಎಂದು ವಿರಾಮ ಹಾಕಿ ಕೊಡುತ್ತದೆ.

ಅಪ್ಪ ಪುಟವನ್ನು ತಮ್ಮ ಮೊಬೈಲಿನಲ್ಲಿ ಬಳಸಲು ಹೊರಟಾಗ ಇನ್ನೊಂದು ಕುತೂಹಲದ ವಿಷಯ ಹೊರಬಿತ್ತು. ಅವರ ಕೀಲಿಮಣೆ ಕನ್ನಡದ್ದು, ಅವರು ಒತ್ತಿದ್ದು ಕನ್ನಡ ಅಂಕಿ ೨. ಪುಟ ‘ನ್ಯಾನ್’ ಎಂದಿತು. ಸಂಖ್ಯೆಯಲ್ಲದ್ದು ಸಿಕ್ಕಿತು ಎಂದು ಜಾವಾಸ್ಕ್ರಿಪ್ಟ್ ಹೇಳುವ ರೀತಿ ಅದು. ಕನ್ನಡದ ೨ ಅದರ ಪಾಲಿಗೆ ಸಂಖ್ಯೆಯೇ ಅಲ್ಲ! ಸರಿ, ಅದಕ್ಕೂ ನಾಲ್ಕು ಸಾಲು ಬರೆದೆವು. ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಕನ್ನಡದ ೦ಗೆ 3302, ೧ಕ್ಕೆ 3303, ಹೀಗೆ ೯ಕ್ಕೆ 3311. ಬಂದ ಅಕ್ಷರದ ಕ್ರಮಸಂಖ್ಯೆಯಿಂದ 3302 ಕಳೆದರೆ ಅಂಕಿ ಕೈಗೆ ಬಂತು. ೨ ಎಂದರೆ 3304, ಕಳೆದರೆ 2. ಹತ್ತು ಅಂಕಿಗಳೂ ಶಿಸ್ತಾಗಿ ಸಾಲಾಗಿ ಕೂತಿರುವುದರಿಂದ ಒಂದೇ ಒಂದು ಕಳೆಯುವ ಲೆಕ್ಕದಲ್ಲಿ ಕೆಲಸ ಮುಗಿಯುತ್ತದೆ. ಈಗ ಆ ಪುಟ ಎರಡೂ ಬಗೆಯ ಅಂಕಿಗಳನ್ನು ಒಪ್ಪುತ್ತದೆ.

ಕನ್ನಡದ ಜೊತೆ ಆಡುವಾಗ ಈ ಕಸುಬು ಇನ್ನೂ ರುಚಿಗಟ್ಟುತ್ತದೆ. ಪದವನ್ನು ತಿರುಗಿಸಿ ಬರೆದು, ಮೊದಲಿನಂತೆಯೇ ಇದೆಯೇ ಎಂದು ನೋಡುವ ಸ್ಕ್ರಿಪ್ಟನ್ನು ಎಲ್ಲ ಪಾಠಗಳಲ್ಲೂ ಹೇಳಿಕೊಡುತ್ತಾರೆ. ಅಕ್ಷರ ಅಕ್ಷರ ಬಿಡಿಸು, ತಿರುಗಿಸು, ಕೂಡಿಸು. ಇಂಗ್ಲಿಷಿನಲ್ಲಿ ಬರೆದ ‘ಮಲಯಾಳಂ’ ಹಾಕಿದರೆ ಹೌದು, ಎರಡೂ ಒಂದೇ ಎನ್ನುತ್ತದೆ. ನಮ್ಮ ‘ವಿಕಟಕವಿ’ ಹಾಕಿದರೆ ಅಲ್ಲ ಎನ್ನುತ್ತದೆ. ತೆನಾಲಿ ರಾಮನ ಕತೆ ಕೇಳಿದ ಯಾವ ಮಗುವೂ ಇದನ್ನು ಒಪ್ಪುವುದಿಲ್ಲ. ಏನಾಯಿತೆಂದರೆ, ನಮ್ಮ ಕಣ್ಣಿಗೆ ಐದು ಅಕ್ಷರವಾದ ಆ ಪದ ಯುನಿಕೋಡ್‌ನಲ್ಲಿ ಏಳು ಸಂಕೇತ. ‘ವಿ’ ಎಂಬುದು ‘ವ’ ಒಂದು, ಗುಡಿಸು ಒಂದು. ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಹಿಡಿದುಕೊಳ್ಳಲು ವ್ಯಂಜನವಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ಮೊದಲಿನ ‘ವಿ’ಯ ಗುಡಿಸು ಹೋಗಿ ‘ಕ’ಕ್ಕೆ ಅಂಟಿ ‘ಕಿ’ ಆಗುತ್ತದೆ. ಇದಕ್ಕಾಗಿ ಈಗಿನ ಬ್ರೌಸರುಗಳಲ್ಲಿ ಸೆಗ್‌ಮೆಂಟರ್ ಎಂಬ ಸಲಕರಣೆ ಇದೆ. ಅದು ಗುಣಿತಾಕ್ಷರವನ್ನು ಒಡೆಯದೆ ಬಿಡಿಸುತ್ತದೆ. ಅದರಿಂದ ಬಿಡಿಸಿ ತಿರುಗಿಸಿದರೆ ವಿಕಟಕವಿ ವಿಕಟಕವಿಯಾಗಿಯೇ ಬರುತ್ತಾನೆ. ಕಾಗುಣಿತವನ್ನು ನಾವು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಹೊಸಬರಿಗೆ ಎರಡು ಮೂರು ಕಿವಿಮಾತು. ಕನ್ನಡ ಬರೆಯುವ ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಸೂಚಿಸುವ ಮೆಟಾ ಟ್ಯಾಗ್ ಇರಲೇಬೇಕು, ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬಂದು ಕೂರಬಹುದು. ಸ್ಕ್ರಿಪ್ಟ್ ಟ್ಯಾಗನ್ನು ಪುಟದ ಕೊನೆಯಲ್ಲಿಡಿ. ಬ್ರೌಸರ್ ಮೇಲಿನಿಂದ ಕೆಳಕ್ಕೆ ಓದುತ್ತಾ ಬರುತ್ತದೆ. ಸ್ಕ್ರಿಪ್ಟ್ ಮೇಲಿದ್ದರೆ ಗುಂಡಿ ಇನ್ನೂ ಹುಟ್ಟುವ ಮೊದಲೇ ಅದು ಗುಂಡಿಯನ್ನು ಹುಡುಕುತ್ತದೆ, ಸಿಗದೆ ನಿಂತುಬಿಡುತ್ತದೆ. ಉತ್ತರ ಮಿಂಚಿನಂತೆ ಬಂದು ಮಾಯವಾದರೆ ಗುಂಡಿ ಫಾರ್ಮ್ ಟ್ಯಾಗಿನೊಳಗೆ ಇದೆಯೇ ನೋಡಿ. ಫಾರ್ಮಿನೊಳಗಿನ ಗುಂಡಿ ತುಂಬಿದ್ದನ್ನು ಕಳಿಸುವ ಕೆಲಸಕ್ಕೆ ಹುಟ್ಟಿದ್ದು, ಒತ್ತಿದೊಡನೆ ಪುಟವನ್ನು ಹೊಸದಾಗಿ ತೆರೆಸುತ್ತದೆ. ಗುಂಡಿಯ ಬಗೆ ‘ಬಟನ್’ ಎಂದು ಬರೆದರೆ ಸುಮ್ಮನಾಗುತ್ತದೆ. ಇನ್ನು ಎಫ್12 ಒತ್ತಿ ಕನ್ಸೋಲ್ ತೆರೆಯುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ ಕೆಂಪಕ್ಷರದಲ್ಲಿ ಬರುವ ಸಾಲನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ಅದು ಬೈಗುಳವಲ್ಲ. ಎಷ್ಟನೇ ಸಾಲಿನಲ್ಲಿ ಏನು ಸಿಗಲಿಲ್ಲ ಎಂದು ಅದು ನೆಟ್ಟಗೆ ಹೇಳುತ್ತಿರುತ್ತದೆ. ಪುಟದ ಸ್ಕ್ರಿಪ್ಟು ನಿಮ್ಮ ಫೋಟೋ, ಕಡತಗಳನ್ನು ತಾನಾಗಿ ಮುಟ್ಟದಂತೆ ಬ್ರೌಸರ್ ಅದಕ್ಕೆ ಬೇಲಿ ಹಾಕಿರುತ್ತದೆ. ಬರೆದದ್ದು ನಿಲ್ಲದೆ ಸುತ್ತತೊಡಗಿ ಪುಟ ಸಿಕ್ಕಿಹಾಕಿಕೊಂಡರೆ ಆ ಟ್ಯಾಬ್ ಮುಚ್ಚಿದರೆ ಮುಗಿಯಿತು. ಧೈರ್ಯವಾಗಿ ಆಡಬಹುದಾದ ಅಂಗಳ.

ಈಗ ಒಂದು ಮನಸ್ಸಿನ ಮಾತು. ಇವತ್ತು ವೆಬ್ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಹತ್ತಾರು ಸಲಕರಣೆಗಳನ್ನು ಇನ್‌ಸ್ಟಾಲ್ ಮಾಡಿಸುವುದನ್ನು ನೋಡಿದ್ದೇನೆ. ಸಂಜೆಯಾಗುವಷ್ಟರಲ್ಲಿ ಫೋಲ್ಡರಿನಲ್ಲಿ ಸಾವಿರಾರು ಫೈಲುಗಳು ತುಂಬಿರುತ್ತವೆ, ಅವುಗಳಲ್ಲಿ ಒಂದನ್ನೂ ಆ ಮಗು ಬರೆದಿರುವುದಿಲ್ಲ. ಕಂಪನಿ ಕೆಲಸಕ್ಕೆ ಅವು ಬೇಕಾದಾವು, ನನ್ನ ತಕರಾರಿಲ್ಲ. ಕಲಿಕೆಯ ಮೊದಲ ಮೆಟ್ಟಿಲಿಗೆ ಅವು ಬೇಡ. ಒಂದೇ ಫೈಲು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಾನೇ ಬರೆದದ್ದು, ಪ್ರತಿ ಸಾಲೂ ಯಾಕಿದೆ ಎಂದು ತನಗೆ ಗೊತ್ತಿರುವಂಥದ್ದು. ಅಷ್ಟಿದ್ದರೆ ಕಲಿತದ್ದು ಕೈಯಲ್ಲಿ ಉಳಿಯುತ್ತದೆ. ಇನ್ನೊಬ್ಬರ ಪುಟ ನೋಡಿ ಕಲಿಯುವ ದಾರಿಯೂ ತೆರೆದೇ ಇದೆ. ಯಾವ ಪುಟದಲ್ಲಾದರೂ ಕಂಟ್ರೋಲ್ ಯು ಒತ್ತಿದರೆ ಅದರ ಒಳಗಿನ ಬರಹ ಕಾಣುತ್ತದೆ. ದೊಡ್ಡ ತಾಣಗಳ ಸ್ಕ್ರಿಪ್ಟನ್ನು ಖಾಲಿ ಜಾಗ ಕಿತ್ತು, ಹೆಸರು ಕತ್ತರಿಸಿ, ಒಂದೇ ಉದ್ದ ಸಾಲಾಗಿ ಒತ್ತಿಟ್ಟಿರುತ್ತಾರೆ. ಅದನ್ನು ಓದಲು ಹೋಗಬೇಡಿ. ಒಬ್ಬರೇ ಕೂತು ಬರೆದ ಪುಟ್ಟ ಪುಟಗಳನ್ನು ಹುಡುಕಿ ಓದಿ.

ಹೀಗೆ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು ಎಂಬುದು ತಾನಾಗಿ ಒದಗಿದ್ದಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ಕಟ್ಟಿದ ಮೇಲೆ, 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಎಲ್ಲರ ಬಳಕೆಗೆ ಉಚಿತವಾಗಿ ಬಿಟ್ಟುಕೊಟ್ಟಿತು. ಅಪ್ಪನ ಗುಂಟೆ ಲೆಕ್ಕದ ಪುಟಕ್ಕೆ ನಾವು ಯಾರಿಗೂ ಕಾಸು ಕೊಡಬೇಕಾಗಿ ಬರದಿರುವುದಕ್ಕೆ ಆ ನಿರ್ಧಾರವೂ ಕಾರಣ.

ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ಒಂದಾದರೂ ಇರುತ್ತದೆ. ಡೇರಿಗೆ ಹಾಕಿದ ಹಾಲಿನ ಲೀಟರು, ಸ್ತ್ರೀಶಕ್ತಿ ಸಂಘದ ಸಾಲದ ಬಡ್ಡಿ, ಮಗನ ಹಾಜರಾತಿಯ ಶೇಕಡಾವಾರು, ಅಡಕೆ ಸುಲಿದವರ ಕೂಲಿ. ಎರಡು ಖಾನೆ, ಒಂದು ಗುಂಡಿ, ನಾಲ್ಕು ಸಾಲು ಸ್ಕ್ರಿಪ್ಟು ಸಾಕು. ಈ ವಾರವೇ ಒಂದನ್ನು ಬರೆದು, ಆ ಲೆಕ್ಕ ನಿಜವಾಗಿ ಬೇಕಾದವರ ಕೈಗೆ ಕೊಟ್ಟು ನೋಡಿ. ಸೇವ್ ಮಾಡುವಾಗ ಫೈಲಿನ ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ನೀವೇ ಬರೆಯಿರಿ. ಬರೀ ಹೆಸರು ಕೊಟ್ಟರೆ ನೋಟ್‌ಪ್ಯಾಡ್ ಡಾಟ್ ಟಿಎಕ್ಸ್‌ಟಿ ಎಂದು ಸೇರಿಸಿಬಿಡುತ್ತದೆ. ಆಗ ಬ್ರೌಸರ್ ನಿಮ್ಮ ಸ್ಕ್ರಿಪ್ಟನ್ನು ನಡೆಸುವುದಿಲ್ಲ, ಬರಹದಂತೆ ತೋರಿಸುತ್ತದೆ ಅಷ್ಟೇ.